ಅರಮನೆಯ ಮಗ್ಗುಲಲ್ಲೇ ಜೂಜುಮನೆ

ಜೂಜನ್ನು ಊರಾಚೆ ಅಟ್ಟುವುದು ಸರ್ಕಾರಗಳ ಹಳೆಯ ಚಾಳಿ. ಇಟಲಿಯ ವೆನಿಸ್ ಗಣರಾಜ್ಯ 1638ರಲ್ಲಿ ಮಾಡಿದ್ದು ಇದಕ್ಕೆ ತದ್ವಿರುದ್ಧ: ಜೂಜನ್ನು ಊರಿನ ನಟ್ಟನಡುವೆ ತಂದು ಕೂರಿಸಿತು. ಸಂತ ಮಾರ್ಕನ ಚೌಕದಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿದ್ದ ದಂಡೊಲೊ ಮನೆತನದ ಸೌಧದ ಒಂದು ಭಾಗ 'ರಿದೊತ್ತೊ' ಎಂಬ ಜೂಜುಮನೆಯಾಯಿತು.

ಲೆಕ್ಕಾಚಾರ ಸರಳವಾಗಿತ್ತು. ಕಾರ್ನಿವಲ್ ಹಬ್ಬದ ದಿನಗಳಲ್ಲಿ ಗಲ್ಲಿಗಲ್ಲಿಗಳಲ್ಲಿ ನಡೆಯುವ ಆಟವನ್ನು ನಿಲ್ಲಿಸಲಾಗದು. ಒಂದೇ ಸೂರಿನಡಿ ತಂದರೆ ಕಾಯಬಹುದು. ಗಣರಾಜ್ಯದ ಮುಖ್ಯಸ್ಥ ಡೋಜ್‌ನ ಅರಮನೆ, ನ್ಯಾಯಾಲಯ, ಸೆರೆಮನೆ ಎಲ್ಲವೂ ಕೂಗಳತೆಯಲ್ಲಿದ್ದವು. ಹಣ ಹಿಡಿದು ಆಟ ನಡೆಸುವ ಹಕ್ಕು ಕುಲೀನರಿಗಷ್ಟೇ. ಅವರು ಮುಖ ತೋರಿಸಿಯೇ ಕೂರಬೇಕು. ಅವರ ಹೆಸರುಗಳು ಸರ್ಕಾರದ ಪಟ್ಟಿಯಲ್ಲಿದ್ದುದರಿಂದ ಮೋಸ ಮಾಡಿ ತಲೆತಪ್ಪಿಸಿಕೊಳ್ಳುವುದು ಸುಲಭವಿರಲಿಲ್ಲ. ಆಡಲು ಬಂದವರಿಗೆ ಮಾತ್ರ ಮುಖವಾಡ ಕಡ್ಡಾಯ! ಕಾವಲಿನ ದೃಷ್ಟಿಯಿಂದ ವಿಚಿತ್ರ ನಿಯಮವೇ ಸರಿ. ಆದರೆ ಅದೇ ಮುಖವಾಡದ ಮರೆಯಲ್ಲಿ ಸರ್ಕಾರದ ಗೂಢಚಾರನೂ ಮೇಜಿನ ಪಕ್ಕ ನಿಲ್ಲಬಹುದಿತ್ತು.

ಅಪಾಯ ಬಂದದ್ದು ಹೊರಗಿನವರಿಂದಲ್ಲ. ಅಧಿಕಾರಕ್ಕೆ ಅಷ್ಟು ಹತ್ತಿರವಿದ್ದ ಜೂಜುಮನೆಯಲ್ಲಿ ಅಧಿಕಾರಸ್ಥರೇ ಕೂತು ಆಡಿದರು. ಕುಲೀನರ ಮನೆಗಳು ಒಂದೊಂದಾಗಿ ದಿವಾಳಿಯೆದ್ದವು. ಕೊನೆಗೆ 1774ರಲ್ಲಿ ಅವರದೇ ಮಹಾಸಭೆ ಭಾರಿ ಬಹುಮತದಿಂದ ರಿದೊತ್ತೊಗೆ ಬೀಗ ಹಾಕಿಸಿತು.

ಆಟ ನಿಂತಿತೇ? ಇಲ್ಲ. ಅದು ನಗರದ ತುಂಬ ಹರಡಿದ್ದ ಖಾಸಗಿ 'ಕಸೀನೊ'ಗಳಿಗೆ ನುಗ್ಗಿತು. ಇಟಾಲಿಯನ್ನಿನಲ್ಲಿ ಈ ಪದಕ್ಕೆ ಚಿಕ್ಕ ಮನೆ ಎಂದೇ ಅರ್ಥ. ಒಂದು ಬಾಗಿಲು ಕಾಯುತ್ತಿದ್ದ ಸರ್ಕಾರ ಈಗ ಊರಿಡೀ ಬಾಗಿಲು ಹುಡುಕಬೇಕಾಯಿತು. 1797ರಲ್ಲಿ ನೆಪೋಲಿಯನ್ನನ ಎದುರು ಗಣರಾಜ್ಯವೇ ಮಂಡಿಯೂರಿತು. ಆ ಹೊತ್ತಿಗೂ ಚಿಕ್ಕ ಮನೆಗಳಲ್ಲಿ ಇಸ್ಪೀಟಿನ ಎಲೆಗಳು ಬೀಳುತ್ತಲೇ ಇದ್ದವು.