ಮೊದಲಿಗರಿಲ್ಲದ ಪಟ್ಟಿ

2007ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಹೊರವಲಯದಿಂದ ಐದು ಸಾವಿರಕ್ಕೂ ಹೆಚ್ಚು ಜನ ಸೈಕಲ್ ಹತ್ತಿ ಪಶ್ಚಿಮದ ಕಡೆಗೆ ಹೊರಟರು. ಅಟ್ಲಾಂಟಿಕ್ ದಂಡೆಯ ಬ್ರೆಸ್ಟ್ ಊರನ್ನು ಮುಟ್ಟಿ ಹೊರಟ ಜಾಗಕ್ಕೇ ಮರಳಬೇಕು. ದಾರಿ ಸುಮಾರು 1,200 ಕಿಲೋಮೀಟರ್. ಇರುವ ಸಮಯ, ಊಟ ನಿದ್ದೆ ಪಂಕ್ಚರ್ ಎಲ್ಲ ಸೇರಿ, ಹೆಚ್ಚೆಂದರೆ 90 ಗಂಟೆ. ಆ ವರ್ಷ ಮಳೆ ಬೆನ್ನು ಬಿಡಲಿಲ್ಲ, ಜೊತೆಗೆ ಎದುರುಗಾಳಿ. ಹತ್ತು ಜನರಲ್ಲಿ ಸುಮಾರು ಮೂವರು ದಾರಿಯಲ್ಲೇ ಕೈಬಿಟ್ಟರು. ಉಳಿದವರು ನಡುಗುತ್ತ ಬಂದು ಸೇರಿದರು. ಅವರಲ್ಲಿ ಗೆದ್ದವರು ಯಾರು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಮುಗಿಸಿದವರ ಪಟ್ಟಿ ಅಕ್ಷರಾನುಕ್ರಮದಲ್ಲಿದೆ.

ಕ್ರೀಡೆಯ ಚರಿತ್ರೆ ಎಂದರೆ ಗೆದ್ದವರ ಚರಿತ್ರೆ ಎಂದು ನಂಬಿಕೊಂಡವರಿಗೆ ಈ ಪಟ್ಟಿ ತಲೆನೋವು. ಮಳೆಯಲ್ಲಿ, ಏರು ರಸ್ತೆಯಲ್ಲಿ, ರಾತ್ರಿಯಿಡೀ ತುಳಿದವನಿಗೆ ‘ನೀನು ಇಷ್ಟನೆಯವನು’ ಎಂದು ಹೇಳಲು ಒಪ್ಪದ ಈ ಪದ್ಧತಿ ಯಾರೋ ಸಂತರು ಕೂತು ರೂಪಿಸಿದ್ದಲ್ಲ. ಅದು ಜಗಳದಿಂದ ಹುಟ್ಟಿತು. ಅದಕ್ಕೂ ಹಿಂದೆ ಪತ್ರಿಕೆ ಮಾರುವ ವ್ಯಾಪಾರವಿತ್ತು.

ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಮೊದಲು ನಡೆದದ್ದು 1891ರ ಸೆಪ್ಟೆಂಬರ್‌ನಲ್ಲಿ. ‘ಲ ಪೆತಿ ಜೂರ್ನಾಲ್’ ಪತ್ರಿಕೆಯ ಪಿಯೆರ್ ಜಿಫಾರ್ ಅದನ್ನು ಏರ್ಪಡಿಸಿದ. ಅವನು ಅದನ್ನು ಓಟದ ಪಂದ್ಯ ಎನ್ನದೆ ‘ಪರೀಕ್ಷೆ’ ಎಂದೇ ಕರೆದ. ಪರೀಕ್ಷೆ ಇದ್ದದ್ದು ಮನುಷ್ಯನಿಗೂ ಸೈಕಲ್ಲಿಗೂ. ಹೊರಟ ಸೈಕಲ್ಲಿನಲ್ಲೇ ಮರಳಬೇಕೆಂದು ಯಂತ್ರಗಳಿಗೆ ಮುದ್ರೆ ಒತ್ತಿದ್ದರು. ಅನ್ನ ಬಟ್ಟೆ ಸವಾರನದೇ ಜವಾಬ್ದಾರಿ. ಫ್ರೆಂಚ್ ಗಂಡಸರಿಗೆ ಮಾತ್ರ ಪ್ರವೇಶ. ಹೆಸರು ಕೊಟ್ಟ ಮಹಿಳೆಯರನ್ನು ವಾಪಸು ಕಳಿಸಿದರು. ಇನ್ನೂರಕ್ಕೂ ತುಸು ಹೆಚ್ಚು ಜನ ಹೊರಟರು, ನೂರರ ಆಸುಪಾಸಿನಲ್ಲಿ ಮುಗಿಸಿದರು. ಅದೂ ಹತ್ತು ದಿನಗಳ ಅಂತರದಲ್ಲಿ. ಶಾರ್ಲ್ ತೆರೋಂ 71 ಗಂಟೆ 22 ನಿಮಿಷದಲ್ಲಿ ಮೊದಲಿಗನಾದ. ಅವನ ಚಕ್ರಕ್ಕಿದ್ದದ್ದು ಮಿಶ್ಲಾಂ ಕಂಪನಿಯ ಬಿಚ್ಚಿ ಹಾಕಬಹುದಾದ ಗಾಳಿ ಟೈರು. ಮುಂದೆ ಹೋಗುತ್ತಿದ್ದ ಜಿಯೆಲ್-ಲಾವಾಲ್ ಎಂಬವನು ಗ್ಯಾಂಗಾಂ ಊರಿನಲ್ಲಿ ಮಲಗಿದ್ದಾಗ ತೆರೋಂ ಸದ್ದಿಲ್ಲದೆ ದಾಟಿಹೋದ. ಹೀಗೆ ಪರೀಕ್ಷೆ ಎಂದು ಶುರುವಾದದ್ದು ಪತ್ರಿಕೆಯ ಪುಟಕ್ಕೆ ಬರುವ ಹೊತ್ತಿಗೆ ಪಂದ್ಯವೇ ಆಗಿತ್ತು. ಟೈರು ಮಾರುವವರಿಗೂ ಪೇಪರ್ ಮಾರುವವರಿಗೂ ಮೊದಲಿಗ ಬೇಕು. ಹತ್ತನೆಯ ದಿನ ಬಂದವನ ಕತೆಗೆ ಗಿರಾಕಿಯಿಲ್ಲ.

ಹತ್ತು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಈ ಪಂದ್ಯವನ್ನು 1901ರಲ್ಲಿ ಮೊರಿಸ್ ಗಾರಾಂ 52 ಗಂಟೆಗಳಿಗೆ ಇಳಿಸಿದ. ಎರಡು ವರ್ಷಗಳ ನಂತರ ಮೊದಲ ಟೂರ್ ದ ಫ್ರಾನ್ಸ್ ಗೆದ್ದವನೂ ಅವನೇ. ಈ ವೃತ್ತಿಪರರ ಬೆನ್ನ ಹಿಂದೆ ಇನ್ನೊಂದು ವರ್ಗ ಹೊರಡುತ್ತಿತ್ತು. ಅವರನ್ನು ‘ತುರಿಸ್ತ್-ರೂತಿಯೆ’ ಎನ್ನುತ್ತಿದ್ದರು. ಬೆನ್ನಿಗೆ ಕಂಪನಿಯಿಲ್ಲ, ಮುಂದೆ ಗಾಳಿ ತಡೆಯಲು ಜೊತೆಗಾರರಿಲ್ಲ. ನನ್ನ ಕುತೂಹಲವೆಲ್ಲ ಇವರ ಮೇಲೆ.

ಇದೇ ಹೊತ್ತಿಗೆ ಇಟಲಿಯಿಂದ ಬೇರೊಂದು ಎಳೆ ಬಂದು ಸೇರಿತು. 1897ರ ಜೂನ್‌ನಲ್ಲಿ ಕೆಲವು ಸವಾರರು ರೋಮ್‌ನಿಂದ ನೇಪಲ್ಸ್‌ಗೆ 230 ಕಿ.ಮೀ. ದೂರವನ್ನು ಬೆಳಗಿನಿಂದ ಸಂಜೆಯೊಳಗೆ ದಾಟಲು ಹೊರಟರು. ಅವರಿಗೆ ಬಿದ್ದ ಹೆಸರು ‘ಔಡಾಕ್ಸ್’. ಲ್ಯಾಟಿನ್‌ನಲ್ಲಿ ಅದರ ಅರ್ಥ ದಿಟ್ಟ. ಟೂರ್ ದ ಫ್ರಾನ್ಸ್ ಹುಟ್ಟುಹಾಕಿದ ಪತ್ರಿಕಾ ಸಂಪಾದಕ ಆಂರಿ ದೆಗ್ರಾಂಜ್ 1904ರಲ್ಲಿ ಇದಕ್ಕೊಂದು ಫ್ರೆಂಚ್ ನಿಯಮಾವಳಿ ಬರೆದ. ಗುಂಪಿಗೊಬ್ಬ ನಾಯಕ, ಗೊತ್ತುಮಾಡಿದ ವೇಗ, ಯಾರೂ ಮುಂದೆ ನುಗ್ಗುವಂತಿಲ್ಲ, ಯಾರನ್ನೂ ಹಿಂದೆ ಬಿಡುವಂತಿಲ್ಲ. ಕೇಳಲು ಸೊಗಸು. ಮಳೆಯ ದಿನ ಏರಿನಲ್ಲಿ ಗುಂಪಿನ ವೇಗಕ್ಕೆ ಒಗ್ಗದವನಿಗೆ ಅದೇ ಶಿಕ್ಷೆ. ಹಗುರ ಮೈಯವನು ಏರಿನಲ್ಲಿ ಮುಂದೆ, ಭಾರದವನು ಇಳಿಜಾರಿನಲ್ಲಿ ಮುಂದೆ. ಇಬ್ಬರನ್ನೂ ಒಂದೇ ವೇಗಕ್ಕೆ ಕಟ್ಟಿದರೆ ಇಬ್ಬರೂ ಸುಸ್ತಾಗುತ್ತಾರೆ.

1921ರಲ್ಲಿ ಈ ನಂಟು ಮುರಿಯಿತು. ದೆಗ್ರಾಂಜ್‌ನ ಪತ್ರಿಕೆಗೂ ‘ಔಡಾಕ್ಸ್ ಕ್ಲಬ್ ಪಾರಿಸಿಯಾಂ’ ಎಂಬ ಕ್ಲಬ್ಬಿಗೂ ಮನಸ್ತಾಪ ಬಂದು, ಗುಂಪಿನ ಪದ್ಧತಿ ಬೇರೆಯವರ ಪಾಲಾಯಿತು. ಹೆಸರು ಮಾತ್ರ ಉಳಿಸಿಕೊಂಡ ಕ್ಲಬ್ಬು ಹೊಸ ಬಗೆಯ ಸವಾರಿ ಶುರುಮಾಡಿತು: ಅವರವರ ವೇಗ ಅವರವರದು. ಹೊರಡುವ ಹೊತ್ತು ಗೊತ್ತು, ಮುಗಿಯುವ ಗಡುವು ಗೊತ್ತು, ನಡುವೆ ಅಲ್ಲಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕು. ಅಷ್ಟೇ. ಇಂದು ಜಗತ್ತಿನ ಎಲ್ಲೆಡೆ, ಬೆಂಗಳೂರಿನಲ್ಲೂ ನಡೆಯುವ ‘ಬ್ರೆವೆ’ಗಳ ಮೂಲ ಇದು.

ಹತ್ತು ವರ್ಷ ಕಳೆದು 1931ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಬಂದಾಗ ಪತ್ರಿಕೆಯ ಪಂದ್ಯ ವೃತ್ತಿಪರರಿಗೆ ಮೀಸಲಾಯಿತು, ಹವ್ಯಾಸಿಗಳು ಹೊರಗುಳಿದರು. ಹಾಗೆ ಹೊರಗುಳಿದವರಿಗಾಗಿ ಕ್ಲಬ್ಬುಗಳು ಅದೇ ದಾರಿಯಲ್ಲಿ ತಮ್ಮದೇ ಸವಾರಿ ಏರ್ಪಡಿಸಿದವು. ಗುಂಪಿನವರದ್ದೊಂದು, ಅವರವರ ವೇಗದವರದ್ದೊಂದು. ಆ ವರ್ಷವೂ ಮಳೆ ಗಾಳಿ ಜೋರು. ವೃತ್ತಿಪರರಲ್ಲಿ ಆಸ್ಟ್ರೇಲಿಯಾದ ಹ್ಯೂಬರ್ಟ್ ಆಪರ್‌ಮನ್ 49 ಗಂಟೆ 23 ನಿಮಿಷದಲ್ಲಿ ಗೆದ್ದ. (ಇದೇ ಆಪರ್‌ಮನ್ ಮುಂದೆ ರಾಜಕೀಯಕ್ಕೆ ಇಳಿದು ತನ್ನ ದೇಶದ ವಲಸೆ ಖಾತೆಯ ಮಂತ್ರಿಯಾದ ಎನ್ನುವುದು ಚರಿತ್ರೆಯ ವಿಚಿತ್ರಗಳಲ್ಲೊಂದು.) ಹವ್ಯಾಸಿಗಳ ಸಾಲಿನಲ್ಲಿ ಪೋಲೆತ್ ವಸಾರ್ ಎಂಬ ಮಹಿಳೆ ಒಂಟಿ ಸೈಕಲ್ಲಿನಲ್ಲಿ ಪೂರ್ತಿ ದಾರಿ ಮುಗಿಸಿದಳು. ನಲವತ್ತು ವರ್ಷಗಳ ಹಿಂದೆ ಮಹಿಳೆಯರನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸಿದ್ದ ದಾರಿ ಅದು. ವೃತ್ತಿಪರರ ಪಂದ್ಯ 1951ರಲ್ಲಿ ಕೊನೆಯ ಬಾರಿ ನಡೆದು ನಿಂತುಹೋಯಿತು. ಹೊರಗುಳಿದವರು ಕಟ್ಟಿಕೊಂಡದ್ದು ಇಂದಿಗೂ ನಡೆಯುತ್ತಿದೆ, 1975ರಿಂದೀಚೆಗೆ ನಾಲ್ಕು ವರ್ಷಕ್ಕೊಮ್ಮೆ.

ಏರಿನ ವಿಷಯಕ್ಕೆ ಬರೋಣ. ಈ ದಾರಿಯಲ್ಲಿ ಆಲ್ಪ್ಸ್ ಇಲ್ಲ, ಪಿರನೀಸ್ ಇಲ್ಲ. ಅತ್ಯಂತ ಎತ್ತರದ ಜಾಗ ಬ್ರಿಟನಿಯ ರಾಕ್ ತ್ರೆವೆಜೆಲ್ ಗುಡ್ಡದ ಬಳಿ. ಗುಡ್ಡವೇ 400 ಮೀಟರ್ ಮುಟ್ಟುವುದಿಲ್ಲ. ನಮ್ಮ ಮುಳ್ಳಯ್ಯನಗಿರಿಯ ಎದುರು ಅದು ದಿಣ್ಣೆ. ಆದರೆ ಇಡೀ ದಾರಿ ಸೊಪ್ಪಿನ ಹೊಲದ ಏರಿ ತಗ್ಗುಗಳಂತೆ ಏಳುತ್ತ ಬೀಳುತ್ತ ಸಾಗುತ್ತದೆ. ಒಂದೂ ದೊಡ್ಡ ಏರಿಲ್ಲದೆ, ಸಣ್ಣವನ್ನೇ ಕೂಡುತ್ತ ಹೋದರೆ ಹೋಗಿಬರುವಷ್ಟರಲ್ಲಿ ಹತ್ತು ಸಾವಿರ ಮೀಟರ್ ಹತ್ತಿದ ಲೆಕ್ಕ. ಎವರೆಸ್ಟ್‌ನ ಎತ್ತರಕ್ಕಿಂತ ಹೆಚ್ಚು.

ಮಳೆ ಇಂಥ ದಾರಿಯಲ್ಲೇ ಹೆಚ್ಚು ಕಾಡುತ್ತದೆ. ಉದ್ದದ ಘಾಟಿಯಲ್ಲಾದರೆ ಗಂಟೆಗಟ್ಟಲೆ ಹತ್ತುತ್ತ ಮೈ ಬಿಸಿಯಾಗಿಯೇ ಇರುತ್ತದೆ. ಇಲ್ಲಿ ಐದು ನಿಮಿಷ ಹತ್ತಿದರೆ ರೈನ್‌ಕೋಟಿನ ಒಳಗೆ ಬೆವರು; ಮರುಕ್ಷಣ ಇಳಿಜಾರು, ಗಾಳಿ ಹೊಕ್ಕು ಅದೇ ಬೆವರು ತಣ್ಣಗೆ ಕೊರೆಯುತ್ತದೆ. ಕೋಟು ಬಿಚ್ಚಿದರೆ ಹೊರಗಿನಿಂದ ಒದ್ದೆ, ತೊಟ್ಟರೆ ಒಳಗಿನಿಂದ ಒದ್ದೆ. ಬೆರಳು ಮರಗಟ್ಟಿದ ಮೇಲೆ ಬ್ರೇಕು ಹಿಡಿದಿದ್ದೇನೋ ಇಲ್ಲವೋ ತಿಳಿಯುವುದಿಲ್ಲ. ಒದ್ದೆ ರಿಮ್ಮಿನ ಮೇಲೆ ರಬ್ಬರು ಕಚ್ಚುವುದು ತಡ. ಮರಳು ಮೆತ್ತಿಕೊಂಡ ಬ್ರೇಕ್ ಪ್ಯಾಡು ನೋಡನೋಡುತ್ತ ಸವೆಯುತ್ತದೆ. ಚೈನಿನ ಎಣ್ಣೆ ತೊಳೆದುಹೋಗಿ ಪ್ರತಿ ತುಳಿತಕ್ಕೂ ಕಿರ್ರೆನ್ನುತ್ತದೆ. ಒದ್ದೆ ಚಡ್ಡಿ ಸೀಟಿಗೆ ತಿಕ್ಕಿ ಆಗುವ ಗಾಯದ ವಿಷಯ ಮರ್ಯಾದಸ್ಥ ಬರಹಗಳಲ್ಲಿ ಬರುವುದಿಲ್ಲ. ಆದರೆ ಎಷ್ಟೋ ಜನ ಸವಾರಿ ಬಿಟ್ಟುಬಿಡುವುದು ಕಾಲು ಸೋತದ್ದಕ್ಕಲ್ಲ, ಕೂರಲಾಗದ್ದಕ್ಕೆ.

ಗೇರಿನ ಚರಿತ್ರೆಯೂ ಇಲ್ಲೇ ಹೆಣೆದುಕೊಂಡಿದೆ. ಸ್ಯಾಂತ್ ಎತಿಯೆನ್ ಊರಿನ ಪೋಲ್ ದ ವಿವಿ, ‘ವೆಲೊಸಿಯೊ’ ಎಂಬ ಹೆಸರಿನಲ್ಲಿ ತನ್ನ ‘ಲ ಸಿಕ್ಲಿಸ್ತ್’ ಪತ್ರಿಕೆಯಲ್ಲಿ ದಶಕಗಳ ಕಾಲ ವಾದಿಸಿದ್ದು ಒಂದೇ ಮಾತು: ಏರು ರಸ್ತೆಗೆ ಬದಲಾಯಿಸಬಲ್ಲ ಗೇರು ಬೇಕು. 1902ರಲ್ಲಿ ಬೆಟ್ಟದ ದಾರಿಯಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ಮಾರ್ತ್ ಹೆಸ್ ಎಂಬ ಮಹಿಳೆ ಮೂರು ಗೇರಿನ ಸೈಕಲ್ಲಿನಲ್ಲಿ, ಒಂದೇ ಗೇರಿನ ಪಂದ್ಯಪಟುವನ್ನು ಹಿಂದಿಕ್ಕಿದಳು. ದೆಗ್ರಾಂಜ್ ಒಪ್ಪಲಿಲ್ಲ. ಗೇರು ಬದಲಾಯಿಸುವುದು ನಲವತ್ತೈದು ದಾಟಿದವರಿಗೆ ಎಂದು ಅವನ ಕುಹಕ. ಟೂರ್ ದ ಫ್ರಾನ್ಸ್ ಡಿರೇಲರ್‌ಗೆ ಅನುಮತಿ ಕೊಟ್ಟದ್ದು 1937ರಲ್ಲಿ. ಅಷ್ಟರೊಳಗೆ ಸಾಮಾನ್ಯ ಪ್ರವಾಸಿ ಸವಾರರು ಗೇರು, ಮಡ್‌ಗಾರ್ಡು, ಡೈನಮೋ ದೀಪ ಎಲ್ಲ ಹಾಕಿಕೊಂಡು ಬೆಟ್ಟ ಸುತ್ತುತ್ತಿದ್ದರು. ಹೊಸ ಯಂತ್ರ ಮೊದಲು ಗೆಲ್ಲುವವರ ಕೈಗೆ ಬರುತ್ತದೆ, ಆಮೇಲೆ ನಮಗೆ ಇಳಿಯುತ್ತದೆ ಎಂಬ ಮಾತು ಸೈಕಲ್ಲಿನ ಮಟ್ಟಿಗಂತೂ ತಲೆಕೆಳಗು.

ಮತ್ತೆ ಆ ಕಾರ್ಡಿನ ಕಡೆಗೆ. ಹಳೆಯ ದಾಖಲೆಗಳೊಂದಿಗೆ ದಿನ ಕಳೆಯುವ ನನ್ನಂಥವರಿಗೆ ಬ್ರೆವೆ ಕಾರ್ಡು ಅಪರೂಪದ ವಸ್ತು. ಅದರಲ್ಲಿರುವುದು ಹೆಸರು, ಊರು, ಮುದ್ರೆ, ಹೊತ್ತು. ಮುಗಿಸಿದ ಪ್ರತಿ ಬ್ರೆವೆಗೂ ಪ್ಯಾರಿಸ್ಸಿನ ಅದೇ ಕ್ಲಬ್ಬು ಒಂದು ಕ್ರಮಸಂಖ್ಯೆ ಕೊಡುತ್ತದೆ. ಮೈಸೂರಿನ ಕಾಲೇಜು ಮೇಷ್ಟ್ರು ತುಳಿದ 200 ಕಿ.ಮೀ.ಗೂ ಅಲ್ಲಿನ ಕಡತದಲ್ಲಿ ಒಂದು ಸಂಖ್ಯೆಯಿದೆ. ನಮ್ಮಲ್ಲಿ ಮುದ್ರೆ ಒತ್ತಲು ಎಲ್ಲ ಕಡೆ ಜನ ಸಿಗುವುದಿಲ್ಲ. ಹಾಗಾಗಿ ಆ ಊರಿನ ಎಟಿಎಂ ಚೀಟಿ ಅಥವಾ ಪೆಟ್ರೋಲ್ ಬಂಕಿನ ರಸೀದಿಯೂ ಸಾಕ್ಷಿಯಾಗುತ್ತದೆ. ಮಲೆನಾಡಿನಲ್ಲಿ ಮಳೆಗಾಲದ ಒಂದು ಬ್ರೆವೆಯಲ್ಲಿ, ಬಸ್ ಸ್ಟ್ಯಾಂಡಿನ ಸೂರಿನಡಿ ನಿಂತು ಸಹಸವಾರರೊಬ್ಬರು ಪ್ಲಾಸ್ಟಿಕ್ ಕವರಿನೊಳಗೆ ಕವರು ಹಾಕಿ ಆ ಚೀಟಿಯನ್ನು ಕಾಪಾಡುತ್ತಿದ್ದರು. ಮೈ ಒದ್ದೆಯಾದರೆ ಒಣಗುತ್ತೆ ಸಾರ್, ಇದು ಮುದ್ದೆಯಾದರೆ ನಾನು ಇಲ್ಲಿಗೆ ಬಂದೇ ಇಲ್ಲ ಅಂತಾಗುತ್ತೆ ಎಂದರು. ಪತ್ರಾಗಾರದ ಬಗ್ಗೆ ನಾನು ಓದಿದ ಹಲವು ಸಿದ್ಧಾಂತಗಳು ಇಷ್ಟು ಚೊಕ್ಕವಾಗಿ ಹೇಳಿಲ್ಲ.

ಇಷ್ಟಾದ ಮೇಲೆ, ಶ್ರೇಯಾಂಕವಿಲ್ಲದ ಈ ಸವಾರಿ ದಯಾಮಯವಾದದ್ದು ಎಂದುಕೊಂಡರೆ ತಪ್ಪು. ಗಡಿಯಾರ ಯಾರಿಗೂ ಸೋಲುವುದಿಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ. ಅದು ಬಯಲುಸೀಮೆಯ ಚಪ್ಪಟೆ ಹೆದ್ದಾರಿಗೂ ಅಷ್ಟೇ, ಆಗುಂಬೆಯ ಮಳೆಗೂ ಅಷ್ಟೇ. ಏರಿಗೆ ರಿಯಾಯಿತಿಯಿಲ್ಲ, ಮಳೆಗೆ ರಿಯಾಯಿತಿಯಿಲ್ಲ. ಮುಗಿಸಿದವರ ನಡುವೆ ಸಮಾನತೆ ಪೂರ್ತಿ ಇದೆ; ಮುಗಿಸಿದವರಿಗೂ ಮುಗಿಸದವರಿಗೂ ನಡುವೆ ಗೋಡೆ. 2007ರಲ್ಲಿ ಮನೆಗೆ ಮರಳಿದ ಸಾವಿರಕ್ಕೂ ಹೆಚ್ಚು ಜನ ಆ ಅಕ್ಷರಾನುಕ್ರಮದ ಪಟ್ಟಿಯಲ್ಲಿಲ್ಲ. ಅವರಲ್ಲಿ ಸಾವಿರ ಕಿಲೋಮೀಟರ್ ತುಳಿದ ಮೇಲೆ ಬಿಟ್ಟವರೂ ಇದ್ದಿರಬೇಕು.

‘ಹವ್ಯಾಸಿ’ ಎಂಬ ಪದವೇ ಇಂಥ ಗೋಡೆಯನ್ನು ಹೊತ್ತುಕೊಂಡು ಬಂದಿದೆ. 1860ರ ದಶಕದ ಇಂಗ್ಲೆಂಡಿನಲ್ಲಿ ಆಟೋಟದ ಕ್ಲಬ್ಬುಗಳು ಹವ್ಯಾಸಿ ಯಾರು ಎಂದು ವ್ಯಾಖ್ಯಾನಿಸುವಾಗ ಮೆಕ್ಯಾನಿಕ್ಕು, ಕುಶಲಕರ್ಮಿ, ಕೂಲಿಕಾರರನ್ನು ಹೊರಗಿಟ್ಟಿದ್ದವು. ಮೈಮುರಿದು ದುಡಿಯುವವನ ತೋಳು ಮೊದಲೇ ಬಲಿತಿರುತ್ತದೆ, ಅದು ಅನ್ಯಾಯದ ಅನುಕೂಲ ಎಂಬ ತರ್ಕ! ಬ್ರೆವೆಗೆ ಅಂಥ ನಿಯಮ ಯಾವುದೂ ಇಲ್ಲ. ಯಾವ ಸೈಕಲ್ಲಾದರೂ ಸೈ. ಆದರೂ ನಮ್ಮಲ್ಲಿ ನಸುಕಿನ ಮಳೆಯಲ್ಲಿ ಹೊರಟ ಸವಾರರ ಎದುರಿಗೆ, ಪೇಪರಿನ ಕಟ್ಟಿಗೆ ಪ್ಲಾಸ್ಟಿಕ್ ಹೊದಿಸಿ ತಾನು ನೆನೆಯುತ್ತ ಬರುವ ಹುಡುಗನೂ, ಹಾಲಿನ ಕ್ಯಾನು ಕಟ್ಟಿಕೊಂಡವನೂ ಸಿಗುತ್ತಾರೆ. ವಾರದಲ್ಲಿ ಅವರು ತುಳಿಯುವ ದೂರ ನಮ್ಮ ಬ್ರೆವೆಗೆ ಕಡಿಮೆಯಿರಲಾರದು. ಅದಕ್ಕೆ ಕಾರ್ಡಿಲ್ಲ. ಜಿಫಾರ್‌ನ ಪೇಪರು ಮಾರಿಕೊಟ್ಟವರೂ ಇಂಥವರೇ ಇರಬೇಕು. ಈ ಚರಿತ್ರೆಯನ್ನು ಬರೆಯುವಾಗ ನನಗೆ ಬಗೆಹರಿಯದೆ ಉಳಿದಿರುವುದು ಇದು.

ಬ್ರೆಸ್ಟ್‌ಗೆ ಹೋಗುವ ಭಾರತೀಯರ ಸಂಖ್ಯೆ ಈಚಿನ ಆವೃತ್ತಿಗಳಲ್ಲಿ ನೂರಾರಾಗಿದೆ. ಬೆಂಗಳೂರಿನವರು ಅವರಲ್ಲಿ ಕಡಿಮೆಯಿಲ್ಲ. ಹೋಗಬೇಕಾದರೆ ಅದೇ ವರ್ಷ 200, 300, 400, 600 ಕಿ.ಮೀ.ಗಳನ್ನು ಮುಗಿಸಿರಬೇಕು. ಬ್ರೆವೆಗಳ ವರ್ಷ ನವೆಂಬರಿನಲ್ಲಿ ಶುರುವಾಗುತ್ತದೆ, ಪ್ಯಾರಿಸ್ ಸವಾರಿ ಇರುವುದು ಆಗಸ್ಟ್‌ನಲ್ಲಿ. ಹಾಗಾಗಿ ನಮ್ಮವರ ಅರ್ಹತೆಯ ಸವಾರಿಗಳು ಬಹುಪಾಲು ಮುಂಗಾರು ಹಿಡಿಯುವ ಮೊದಲೇ, ಒಣ ರಸ್ತೆಯಲ್ಲಿ, ಬಿಸಿಲಿನಲ್ಲಿ ಮುಗಿದಿರುತ್ತವೆ. ಬ್ರಿಟನಿಯ ರಾತ್ರಿಯ ಚಳಿ ಮಳೆಗೆ ಬೇಕಾದ ಕಲಿಕೆ ಅದರಿಂದ ಸಿಗುವುದಿಲ್ಲ. ಮುಂದಿನದು 2027ರಲ್ಲಿ. ಹೋಗಬೇಕೆಂದಿರುವವರು ಅದಕ್ಕೆ ಮುಂಚಿನ ಒಂದು ಜುಲೈ ತಿಂಗಳನ್ನು ಮಲೆನಾಡಿನ ರಸ್ತೆಗಳಲ್ಲಿ ಕಳೆಯುವುದು ಒಳ್ಳೆಯದು. ಜಿಗಣೆ ಉಪ್ಪಿನೊಂದಿಗೆ ಒಂದೆರಡು ಒಳ್ಳೆಯ ಪ್ಲಾಸ್ಟಿಕ್ ಕವರೂ ಇರಲಿ.