ಅಶೋಕನ ಬಂಡೆಗಳೂ ನನ್ನ ಸುಟ್ಟ ಹಾರ್ಡ್ ಡಿಸ್ಕೂ

ಮೂರು ವರ್ಷದ ಹಿಂದೆ ಮೇ ತಿಂಗಳ ಒಂದು ಸಂಜೆ ಸಿಡಿಲು ಬಡಿದು ನನ್ನ ಮನೆಯ ಕಂಪ್ಯೂಟರ್ ಸುಟ್ಟುಹೋಯ್ತು. ಬ್ಯಾಕಪ್ಪಿಗೆಂದು ಅದಕ್ಕೇ ಜೋಡಿಸಿಟ್ಟಿದ್ದ ಹಾರ್ಡ್ ಡಿಸ್ಕೂ ಹೋಯ್ತು. ಎರಡಕ್ಕೂ ಕರೆಂಟ್ ಒಂದೇ ಪ್ಲಗ್ ಬೋರ್ಡಿನಿಂದ. ಆರು ವರ್ಷ ಊರೂರು ಸುತ್ತಿ ತೆಗೆದ ಶಾಸನಗಳ ಫೋಟೋಗಳು ಅವುಗಳಲ್ಲಿದ್ದವು. ಹೆಚ್ಚಿನವನ್ನು ಮತ್ತೆ ಹೋಗಿ ತೆಗೆದೆ. ಒಂದು ವೀರಗಲ್ಲು ಮಾತ್ರ ಸಿಗಲಿಲ್ಲ. ಅಷ್ಟರಲ್ಲಿ ಅಲ್ಲಿ ರಸ್ತೆ ಅಗಲವಾಗಿತ್ತು.

ನಾನು ವೃತ್ತಿಯಿಂದ ಇಂಜಿನಿಯರ್. ಎರಡು ಪ್ರತಿ ಇದ್ದರೆ ಸಾಕು ಅಂದುಕೊಂಡಿದ್ದೆ. ಎಷ್ಟು ಪ್ರತಿ ಅನ್ನೋದಕ್ಕಿಂತ ಅವು ಎಲ್ಲಿವೆ ಅನ್ನೋದು ಮುಖ್ಯ ಎಂಬುದನ್ನು ಶಾಸನ ಓದುವವನಾದ ನಾನು ಮೊದಲೇ ತಿಳಿದಿರಬೇಕಿತ್ತು.

ಬಿ.ಎಲ್. ರೈಸ್ ಅವರು 1892ರಲ್ಲಿ ಈಗಿನ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಬಂಡೆಶಾಸನಗಳನ್ನು ಪತ್ತೆಹಚ್ಚಿದರು. ಕೆಲವೇ ಕಿಲೋಮೀಟರ್ ಅಂತರದಲ್ಲಿ ಒಂದೇ ಪಾಠದ ಮೂರು ಪ್ರತಿ. ಅಶೋಕ ಬ್ಯಾಕಪ್ಪಿಗೆಂದು ಬರೆಸಿದ್ದಲ್ಲ, ಜನಕ್ಕೆ ತಲುಪಲಿ ಎಂದು ಬರೆಸಿದ್ದು. ಆದರೂ ಇವತ್ತು ಉಪಯೋಗಕ್ಕೆ ಬರುತ್ತಿರುವುದು ಹಾಗೆಯೇ. ಜಟಿಂಗ ರಾಮೇಶ್ವರದ ಬಂಡೆ ಬಹಳ ಸವೆದಿದೆ, ಬ್ರಹ್ಮಗಿರಿಯ ಪಾಠ ಪಕ್ಕದಲ್ಲಿಟ್ಟುಕೊಂಡೇ ಅದನ್ನು ಓದಬೇಕು.

ದೂರದ ಪ್ರತಿಯ ಬೆಲೆ ತಿಳಿಯೋದು ಸನ್ನತಿಯಲ್ಲಿ. ಕಲಬುರಗಿ ಜಿಲ್ಲೆಯ ಈ ಊರಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಅಶೋಕನ ಶಾಸನದ ಹಾಸುಗಲ್ಲನ್ನು ಯಾವುದೋ ಕಾಲದಲ್ಲಿ ದೇವಿಯ ಪೀಠಕ್ಕೆ ಬಳಸಿಕೊಂಡಿದ್ದರು. ಮೂರ್ತಿ ನಿಲ್ಲಿಸಲು ನಡುವೆ ತೂತು ಕೊರೆದಿದ್ದರಿಂದ ಅಲ್ಲಿನ ಅಕ್ಷರಗಳು ಹೋಗಿವೆ. ಆದರೆ ಈ ಕಲ್ಲಿನಲ್ಲಿರುವ ಪ್ರತ್ಯೇಕ ಶಾಸನಗಳು ಒಡಿಶಾದ ಧೌಲಿ, ಜೌಗಡಗಳಲ್ಲೂ ಇವೆ. ಇಲ್ಲಿ ಕಳೆದದ್ದೇನು ಅಂತ ಅಲ್ಲಿನ ಬಂಡೆಗಳು ಹೇಳುತ್ತವೆ. ಭೀಮಾ ತೀರದ ಉಳಿ ಕಳಿಂಗದವರೆಗೆ ಹೋಗಲಿಲ್ಲವಲ್ಲ!

ಇನ್ನೊಂದು ಪಾಠವೂ ಇದೆ. ಪ್ರತಿ ಉಳಿದರೆ ಸಾಲದು, ಓದಲು ಬರಬೇಕು. ಬ್ರಾಹ್ಮಿ ಶಾಸನಗಳು ಎಲ್ಲರ ಕಣ್ಣೆದುರಿಗೇ ಇದ್ದವು. ಶತಮಾನಗಳ ಕಾಲ ಓದುವವರೇ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಲಿಪಿಯ ಗಂಟು ಬಿಡಿಸಬೇಕಾಯ್ತು. ನಮ್ಮ ಹಳೆಯ ನುಡಿ, ಬರಹ ಫೈಲುಗಳನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಪ್ರಿನ್ಸೆಪ್ಪನ ಕಷ್ಟ ಅರ್ಥವಾಗುತ್ತದೆ.

ಈಗ ನಾನು ಪಾಲಿಸುವುದು ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಸೂತ್ರ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ. ಮೂಲ ಕಂಪ್ಯೂಟರಿನಲ್ಲಿರುತ್ತದೆ. ಹೊರ ಡಿಸ್ಕಿಗೆ ಪ್ರತಿ ಭಾನುವಾರ ನಕಲು, ಮುಗಿದ ಕೂಡಲೇ ವೈರ್ ಕಿತ್ತು ಬೀರುವಿಗೆ. ವೈರಸ್ ಬಂದರೂ ಸಿಡಿಲು ಬಂದರೂ ಅಲ್ಲಿಗೆ ತಲುಪಬಾರದು. ಇನ್ನೊಂದು ಪ್ರತಿ ಕ್ಲೌಡಿನಲ್ಲಿ. ಬರೀ ಸಿಂಕ್ ಆದರೆ ಸಾಲದು ಅನ್ನೋದು ನೆನಪಿರಲಿ. ಇಲ್ಲಿ ತಪ್ಪಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಹಳೆಯ ಆವೃತ್ತಿಗಳನ್ನು ಉಳಿಸಿಕೊಳ್ಳುವ ಸೌಲಭ್ಯ ಇರಲೇಬೇಕು. ಪಾಠಗಳನ್ನೆಲ್ಲ ಯೂನಿಕೋಡಿಗೆ ಬದಲಿಸಿ ಸಾದಾ ಟೆಕ್ಸ್ಟ್ ಫೈಲಾಗಿಯೂ ಇಟ್ಟಿದ್ದೇನೆ. ಮೂರು ತಿಂಗಳಿಗೊಮ್ಮೆ ಹತ್ತಾರು ಫೈಲುಗಳನ್ನು ಬ್ಯಾಕಪ್ಪಿನಿಂದ ವಾಪಸ್ ತಂದು ತೆರೆದು ನೋಡುತ್ತೇನೆ. ತೆರೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ.

ಆ ವೀರಗಲ್ಲಿನ ಫೋಟೋವನ್ನು ಹಿಂದೊಮ್ಮೆ ಧಾರವಾಡದ ಗೆಳೆಯರೊಬ್ಬರಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ. ಅದೊಂದು ಉಳಿದಿದೆ. ನನ್ನ ಪಾಲಿನ ಧೌಲಿ ಅದು. ಆದರೆ ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿಬಿಟ್ಟಿದೆ. ಮೇಲಿನ ಎರಡು ಸಾಲು ಓದಬಹುದು, ಮೂರನೆಯದು ಬರೀ ಮಸುಕು. ತುರು ಕಾದು ಸತ್ತವನ ಹೆಸರು ಇದ್ದದ್ದು ಆ ಸಾಲಿನಲ್ಲೇ.

ನಿಮ್ಮ ಡಿಸ್ಕುಗಳಲ್ಲೂ ಈಗ ಊರಿನಲ್ಲಿಲ್ಲದ ಕಲ್ಲುಗಳಿರಬಹುದು. ಈ ಭಾನುವಾರವೇ ಒಂದು ಪ್ರತಿ ಮಾಡಿ ಬೇರೆ ಊರಿನ ನೆಂಟರ ಮನೆಯಲ್ಲಿಟ್ಟು ಬನ್ನಿ.