ಕೇವಲಾದೇವ ರಾಷ್ಟ್ರೀಯ ಉದ್ಯಾನ

ರಾಜಸ್ಥಾನದ ಭರತಪುರ ನಗರಕ್ಕೆ ಹೊಂದಿಕೊಂಡಿರುವ, ಸುಮಾರು 29 ಚದರ ಕಿಲೋಮೀಟರ್ ವಿಸ್ತೀರ್ಣದ ಸಂರಕ್ಷಿತ ಪ್ರದೇಶ. 18ನೆಯ ಶತಮಾನದಲ್ಲಿ ಸೂರಜ್‌ಮಲ್ ದೊರೆಯ ಕಾಲದಲ್ಲಿ ಕಟ್ಟಿದ ಅಜಾನ್ ಬಾಂದಿನ ನೀರು ತಗ್ಗಿನಲ್ಲಿ ನಿಂತು ಈ ಜೌಗುಭೂಮಿ, ಅಂದರೆ ವರ್ಷದ ಬಹುಭಾಗ ಆಳವಿಲ್ಲದ ನೀರು ನಿಲ್ಲುವ ನೆಲ, ರೂಪುಗೊಂಡಿತು. ಭರತಪುರದ ಅರಸರ ಬಾತುಬೇಟೆಯ ತಾಣವಾಗಿದ್ದ ಇದು 1981ರಲ್ಲಿ ಜೌಗುಭೂಮಿಗಳ ರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾದ ರಾಮ್‌ಸಾರ್‌ನ ಪಟ್ಟಿಗೂ 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಮನುಷ್ಯನಿರ್ಮಿತ ನೆಲೆಯಾದುದರಿಂದ ಇದರ ಉಳಿವು ನಿರಂತರ ನಿರ್ವಹಣೆಯನ್ನೇ ಅವಲಂಬಿಸಿದೆ. 1982ರಲ್ಲಿ ಜಾನುವಾರುಗಳನ್ನು ಮೇಯಿಸುವುದನ್ನು ನಿಷೇಧಿಸಿದಾಗ, ಎಮ್ಮೆಗಳು ಮೇಯುತ್ತಿದ್ದ ಪ್ಯಾಸ್ಪಾಲಮ್ ಹುಲ್ಲು ದಟ್ಟವಾಗಿ ಹಬ್ಬಿ ತೆರೆದ ನೀರನ್ನು ಮುಚ್ಚಿತು. ಹೀಗೆ ರಕ್ಷಣೆಗೆಂದು ಕೈಗೊಂಡ ಕ್ರಮವೇ ನೀರುಹಕ್ಕಿಗಳ ನೆಲೆಯನ್ನು ಕುಗ್ಗಿಸಿತು. ಅಳಿವಿನ ತೀವ್ರ ಅಪಾಯದಲ್ಲಿರುವ ಸೈಬೀರಿಯಾದ ಬಿಳಿ ಕ್ರೌಂಚಗಳು ಚಳಿಗಾಲ ಕಳೆಯಲು ಬರುತ್ತಿದ್ದುದು 2002ರ ನಂತರ ನಿಂತುಹೋಯಿತು. ವಲಸೆಯ ದಾರಿಯಲ್ಲಿನ ಬೇಟೆ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಎನ್ನಲಾಗಿದೆ.

ಪುನಶ್ಚೇತನ ಕಾರ್ಯವು ಮುಖ್ಯವಾಗಿ ಎರಡು ಬಗೆಯದು: ಸ್ಥಳೀಯರ ನೆರವಿನಿಂದ ಉದ್ಯಾನದಲ್ಲಿ ಹಬ್ಬಿರುವ ಆಕ್ರಮಣಕಾರಿ ಗಿಡವಾದ ಬಳ್ಳಾರಿ ಜಾಲಿಯನ್ನು ಬೇರುಸಹಿತ ಕೀಳುವುದು, ಮತ್ತು ಮಳೆ ಕೈಕೊಟ್ಟ ವರ್ಷಗಳಲ್ಲಿಯೂ ನೀರು ದೊರೆಯುವಂತೆ ಗೋವರ್ಧನ ಕಾಲುವೆಯಿಂದಲೂ ಚಂಬಲ್ ನದಿಯ ಕೊಳವೆ ಮಾರ್ಗದಿಂದಲೂ ಪೂರೈಸುವುದು. ಬಣ್ಣದ ಕೊಕ್ಕರೆ ಮೊದಲಾದ ಹಕ್ಕಿಗಳು ಇಲ್ಲಿ ಗೂಡುಕಟ್ಟುವುದು ಆಯಾ ವರ್ಷದ ನೀರಿನ ಪ್ರಮಾಣವನ್ನು ಅನುಸರಿಸುತ್ತದೆ.